ಬಟನ್ ಒತ್ತಿದರೆ ಗರ್ಜಿಸುವ ಸೈಲೆನ್ಸರ್: ಕಾರಿನ ಪವರ್ ಹೆಚ್ಚುತ್ತದೆಯೇ? ಕಾನೂನು ಒಪ್ಪುತ್ತದೆಯೇ?

ಸ್ಪೋರ್ಟ್ಸ್ ಕಾರೊಂದು ಅಪಾರ್ಟ್‌ಮೆಂಟಿನ ಗೇಟಿನಿಂದ ಬೆಕ್ಕಿನಂತೆ ಸದ್ದಿಲ್ಲದೆ ಹೊರಬರುತ್ತದೆ. ಮುಖ್ಯರಸ್ತೆ ಸೇರಿದ ಕೂಡಲೇ ಚಾಲಕ ಒಂದು ಬಟನ್ ಒತ್ತುತ್ತಾನೆ. ಮರುಕ್ಷಣವೇ ಅದೇ ಕಾರು ಹುಲಿಯಂತೆ ಗರ್ಜಿಸುತ್ತದೆ. ಇಂತಹ ಅರ್ಧ ನಿಮಿಷದ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಅವುಗಳ ಜೊತೆಗೆ ಸಾಮಾನ್ಯವಾಗಿ ಈ ನಾಲ್ಕು ಮಾತುಗಳು ಓಡಾಡುತ್ತವೆ:

• ಇದನ್ನು ಹಾಕಿಸಿದರೆ ಎಂಜಿನ್ನಿನ ಪವರ್ ಜೋರಾಗಿ ಏರುತ್ತದೆ.
• ಎಂಜಿನ್ ಸರಾಗವಾಗಿ ಉಸಿರಾಡುವುದರಿಂದ ಮೈಲೇಜ್ ಕೂಡ ಹೆಚ್ಚುತ್ತದೆ.
• ಪೊಲೀಸರು ಕಂಡಾಗ ಬಟನ್ ಒತ್ತಿ ಸದ್ದು ಕಡಿಮೆ ಮಾಡಿದರೆ ಸಾಕು, ಕಾನೂನಿನ ತೊಂದರೆ ಇಲ್ಲ.
• ಕಂಪನಿಯವರೇ ಇಂತಹ ಎಕ್ಸಾಸ್ಟ್ ಕೊಡುತ್ತಾರೆ, ಹಾಗಾಗಿ ಹೊರಗೆ ಹಾಕಿಸಿದರೂ ತಪ್ಪಿಲ್ಲ.

ಈ ನಾಲ್ಕರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಆ ಬಟನ್ ಮುಖ್ಯವಾಗಿ ಬದಲಿಸುವುದು ಸದ್ದನ್ನು. ಪವರ್ ಹೆಚ್ಚಿದರೂ ಅಲ್ಪ, ಮೈಲೇಜ್ ಹೆಚ್ಚುವುದಿಲ್ಲ. ಇನ್ನು ಕಾನೂನಿನ ವಿಷಯ. ಯುರೋಪಿನ ಈಗಿನ ನಿಯಮ ಕಾರಿನ ಅತಿ ಹೆಚ್ಚು ಸದ್ದಿನ ಮೋಡನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಭಾರತದಲ್ಲಿ ಕಂಪನಿ ಕೊಟ್ಟ ಸೈಲೆನ್ಸರ್ ಬದಲಿಸುವುದೇ ಕಾನೂನಿನ ಪ್ರಶ್ನೆ, ಆ ಹೊತ್ತಿಗೆ ಸದ್ದು ಎಷ್ಟಿತ್ತು ಎಂಬುದು ಅದರ ನಂತರದ ಮಾತು.

ಮೊದಲು, ಸೈಲೆನ್ಸರ್ ಒಳಗೆ ಏನು ನಡೆಯುತ್ತದೆ?

ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲೂ ಇಂಧನ ಉರಿದು, ಬಿಸಿ ಅನಿಲ ಒತ್ತಡದಿಂದ ಹೊರನುಗ್ಗುತ್ತದೆ. ಹೀಗೆ ನುಗ್ಗುವ ಒಂದೊಂದು ಬಡಿತವೂ ಒಂದೊಂದು ಸದ್ದಿನ ಅಲೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಪೋರ್ಷೆ 911ರಂತಹ ಆರು ಸಿಲಿಂಡರಿನ ಕಾರು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 150 ಬಡಿತ. ಅದೇ 6000 ಸುತ್ತಿಗೆ ಏರಿದರೆ ಸೆಕೆಂಡಿಗೆ 300 ಬಡಿತ. ವೇಗ ಏರಿದಂತೆ ಎಂಜಿನ್ನಿನ ಸ್ವರ ಗುಡುಗಿನಿಂದ ಕೂಗಿನ ಕಡೆಗೆ ಏರುವುದು ಈ ಕಾರಣಕ್ಕೆ.

ಈ ಬಡಿತಗಳನ್ನು ಹಾಗೇ ಹೊರಗೆ ಬಿಟ್ಟರೆ ಕಿವಿ ಹರಿದುಹೋಗುವಷ್ಟು ಸದ್ದು. ಅದನ್ನು ಪಳಗಿಸಲು ಸೈಲೆನ್ಸರ್ ಎರಡು ಉಪಾಯ ಮಾಡುತ್ತದೆ. ಮೊದಲನೆಯದು ಕೋಣೆಗಳು. ಅನಿಲವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಿರುಗಿಸಿ ಕಳಿಸಿದಾಗ ಗೋಡೆಗೆ ಬಡಿದು ಹಿಂದಿರುಗಿದ ಅಲೆ ಎದುರಿಗೆ ಬರುವ ಅಲೆಯನ್ನು ಕುಗ್ಗಿಸುತ್ತದೆ. ಎರಡನೆಯದು ರಂಧ್ರಗಳಿರುವ ಕೊಳವೆ ಮತ್ತು ಅದರ ಸುತ್ತ ತುಂಬಿದ ಗಾಜಿನ ನಾರು. ಸದ್ದಿನ ಶಕ್ತಿ ಈ ನಾರಿನೊಳಗೆ ಹೊಕ್ಕು ಶಾಖವಾಗಿ ಕರಗುತ್ತದೆ.

ದಪ್ಪ ಸ್ವರವನ್ನು ಅಡಗಿಸುವುದು ಕಷ್ಟ. ಬಿಸಿ ಅನಿಲದಲ್ಲಿ ಸದ್ದು ಹೊರಗಿನ ಗಾಳಿಗಿಂತ ವೇಗವಾಗಿ ಓಡುತ್ತದೆ. ಸುಮಾರು 500 ಡಿಗ್ರಿ ಬಿಸಿಯಲ್ಲಿ 100 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಐದು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಯನ್ನು ಬಂಪರಿನ ಹಿಂದೆ ಅಡಗಿರುವ ಒಂದು ಡಬ್ಬಿಯಲ್ಲಿ ಸುಮ್ಮನಾಗಿಸಬೇಕು. ಸೈಲೆನ್ಸರ್ ದೊಡ್ಡದಾಗಿ, ಒಳಗೆ ಸುತ್ತುಬಳಸಿನ ದಾರಿಯೊಡನೆ ಇರುವುದು ಸುಮ್ಮನೆ ಅಲ್ಲ.

ಆ ಬಟನ್ ಏನು ಮಾಡುತ್ತದೆ?

ಸ್ವಿಚ್ ಇರುವ ಸ್ಪೋರ್ಟ್ಸ್ ಎಕ್ಸಾಸ್ಟಿನಲ್ಲಿ ಅನಿಲಕ್ಕೆ ಎರಡು ದಾರಿ. ಒಂದು ಕೋಣೆಗಳ ಮೂಲಕ ಹೋಗುವ ಸುತ್ತು ದಾರಿ, ಇನ್ನೊಂದು ಹೆಚ್ಚು ನೇರವಾದ ದಾರಿ. ನೇರ ದಾರಿಯ ಬಾಯಲ್ಲಿ ನಾಣ್ಯದಂತಹ ಒಂದು ಲೋಹದ ಬಿಲ್ಲೆ ಇರುತ್ತದೆ. ಅದೇ ವಾಲ್ವ್. ಬಿಲ್ಲೆ ಅಡ್ಡ ನಿಂತರೆ ಅನಿಲ ಸುತ್ತು ದಾರಿ ಹಿಡಿಯುತ್ತದೆ, ಸದ್ದು ಕಡಿಮೆ. ಬಿಲ್ಲೆ ತಿರುಗಿ ದಾರಿ ಬಿಟ್ಟರೆ ಅನಿಲ ನೇರವಾಗಿ ನುಗ್ಗುತ್ತದೆ, ಸದ್ದು ಜೋರು.

ಬಿಲ್ಲೆಯನ್ನು ತಿರುಗಿಸಲು ಎರಡು ಬಗೆಯ ವ್ಯವಸ್ಥೆ ಇದೆ. ಕೆಲವು ಕಾರುಗಳಲ್ಲಿ ಸಣ್ಣ ಮೋಟಾರ್ ಇರುತ್ತದೆ. ಇನ್ನು ಕೆಲವದರಲ್ಲಿ ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಗಾಳಿ ಎಳೆಯುವ ಬಲ, ಆ ಕೆಲಸ ಮಾಡುತ್ತದೆ. ಪೋರ್ಷೆಯ ವ್ಯಾಕ್ಯೂಮ್ ವ್ಯವಸ್ಥೆಯಲ್ಲಿ ವ್ಯಾಕ್ಯೂಮ್ ಸಿಕ್ಕಾಗ ವಾಲ್ವ್ ಮುಚ್ಚುತ್ತದೆ, ಸಿಗದಿದ್ದಾಗ ತೆರೆದುಕೊಳ್ಳುತ್ತದೆ. ಹಾಗಾಗಿ ವ್ಯಾಕ್ಯೂಮ್ ಪೈಪ್ ಒಡೆದರೆ ಕಾರು ಸದಾ ಜೋರು ಸದ್ದಿನಲ್ಲೇ ಓಡುತ್ತದೆ. ಬಟನ್ ಎಷ್ಟು ಒತ್ತಿದರೂ ಸುಮ್ಮನಾಗುವುದಿಲ್ಲ. "ಬೇಕಾದಾಗ ಸದ್ದು ಕಡಿಮೆ ಮಾಡಿಕೊಳ್ಳಬಹುದು" ಎಂದು ನಂಬಿ ಹಾಕಿಸುವವರು ಇದನ್ನು ನೆನಪಿಡಬೇಕು.

ಕಂಪನಿಗಳು ವಾಲ್ವ್ ಇಡುವುದಕ್ಕೆ ಇನ್ನೊಂದು ಕಾರಣವಿದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ನಿನ ದಪ್ಪ ಸ್ವರ ಕಾರಿನ ಒಳಗೆ ಗುಂಯ್ ಎಂದು ತುಂಬಿಕೊಳ್ಳುತ್ತದೆ. ಅರ್ಧ ಗಂಟೆಗೆ ತಲೆ ಭಾರವಾಗುತ್ತದೆ. ವಾಲ್ವ್ ಮುಚ್ಚಿದರೆ ಈ ಗುಂಯ್‌ಗುಡುವಿಕೆ ತಗ್ಗುತ್ತದೆ. ಹೊರಗಿನ ಸೈಲೆನ್ಸರ್ ಹಾಕಿಸಿದ ಹಲವರು ಮೊದಲ ವಾರ ಖುಷಿಪಟ್ಟು, ಮೊದಲ ದೂರ ಪ್ರಯಾಣದ ನಂತರ ಹಳೆಯದನ್ನೇ ಮತ್ತೆ ಹುಡುಕುವುದು ಈ ಕಾಟಕ್ಕೇ.

ಮಾತು 1: "ಪವರ್ ಜೋರಾಗಿ ಏರುತ್ತದೆ"

ಬಹುಪಾಲು ಸುಳ್ಳು.

ಎಂಜಿನ್ ಹೊಗೆಯನ್ನು ಹೊರತಳ್ಳಲು ಸ್ವಲ್ಪ ಶಕ್ತಿ ಖರ್ಚು ಮಾಡುತ್ತದೆ. ದಾರಿ ಸರಾಗವಾದರೆ ಆ ಖರ್ಚು ಸ್ವಲ್ಪ ಉಳಿಯುತ್ತದೆ. ಈ ಮಟ್ಟಿಗೆ ಮಾತು ನಿಜ. ಆದರೆ ಈ ಕಾಲದ ಸ್ಪೋರ್ಟ್ಸ್ ಕಾರಿನ ಎಂಜಿನಿಯರುಗಳು ಆ ದಾರಿಯನ್ನು ಮೊದಲೇ ಸಾಕಷ್ಟು ಅಗಲವಾಗಿ ಇಟ್ಟಿರುತ್ತಾರೆ. ಎಕ್ಸಾಸ್ಟಿನ ಕೊನೆಯಲ್ಲಿರುವ ಡಬ್ಬಿಯನ್ನಷ್ಟೇ ಬದಲಿಸಿದರೆ ಉಳಿಯುವ ಶಕ್ತಿ ತೀರಾ ಕಡಿಮೆ, ಅದೂ ಎಂಜಿನ್ ಪೂರ್ತಿ ವೇಗದಲ್ಲಿ ತಿರುಗುವಾಗ ಮಾತ್ರ. ಊರೊಳಗಿನ ಟ್ರಾಫಿಕ್‌ನಲ್ಲಿ ಅದು ಅನುಭವಕ್ಕೆ ಬರುವುದಿಲ್ಲ.

ಇದಕ್ಕೆ ಸುಲಭದ ಸಾಕ್ಷಿ ಕಂಪನಿಯ ಮಾಹಿತಿ ಪತ್ರದಲ್ಲೇ ಇದೆ. 2019ರಲ್ಲಿ ಬಂದ ಪೋರ್ಷೆ 911 ಕರೇರಾ ಕಾರಿನ ಪವರ್ 385 ಅಶ್ವಶಕ್ತಿ. ಹೆಚ್ಚುವರಿ ಹಣ ಕೊಟ್ಟು ಸ್ಪೋರ್ಟ್ಸ್ ಎಕ್ಸಾಸ್ಟ್ ಆಯ್ಕೆ ಮಾಡಿಕೊಂಡರೂ ಆ ಅಂಕಿ ಬದಲಾಗುವುದಿಲ್ಲ. ಪವರ್ ನಿಜವಾಗಿ ಏರಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಹೇಳಿಕೊಳ್ಳದೆ ಬಿಡುವ ಕಾರು ಕಂಪನಿ ಇದೆಯೇ?

ಹಾಗಾದರೆ ಹಾಕಿಸಿದವರಿಗೆ "ಕಾರು ಚಿಗರೆ ಥರ ಓಡ್ತಿದೆ" ಅನ್ನಿಸುವುದು ಏಕೆ? ನಮ್ಮ ಮಿದುಳು ವೇಗವನ್ನು ಅಳೆಯುವುದು ಕಣ್ಣಿನಿಂದ ಮಾತ್ರ ಅಲ್ಲ, ಕಿವಿಯಿಂದಲೂ ಹೌದು. ಸದ್ದು ಜೋರಾದರೆ ವೇಗವೂ ಹೆಚ್ಚಿದಂತೆ ತೋರುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವ ಗಾದೆ ಇಲ್ಲಿಗೂ ಹೊಂದುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ, "ಎಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕೇ ಬೇಕು, ಇಲ್ಲದಿದ್ದರೆ ಎಳೆತ ಹೋಗುತ್ತದೆ" ಎಂಬುದು. ಇದೂ ಅರ್ಧ ಸತ್ಯ. ಹಿಂದಕ್ಕೆ ತಳ್ಳುವ ಒತ್ತಡದಿಂದ ಎಂಜಿನ್ನಿಗೆ ಏನೂ ಲಾಭವಿಲ್ಲ. ಲಾಭ ಇರುವುದು ಅನಿಲದ ವೇಗದಲ್ಲಿ. ಕೊಳವೆಯ ಅಗಲ ಸರಿಯಾಗಿದ್ದರೆ ಮುಂದೆ ಹೋದ ಬಡಿತ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ. ಕೊಳವೆ ತೀರಾ ಅಗಲವಾದರೆ ಅನಿಲ ನಿಧಾನವಾಗಿ ಈ ಎಳೆತ ಕುಗ್ಗುತ್ತದೆ, ಕಡಿಮೆ ವೇಗದಲ್ಲಿ ಕಾರು ಮಂಕಾಗುತ್ತದೆ. ಆದ್ದರಿಂದ "ಇನ್ನೂ ದಪ್ಪ ಪೈಪ್ ಹಾಕೋಣ" ಎನ್ನುವ ಸಲಹೆ ಎಲ್ಲ ಕಾರಿಗೂ ಒಳ್ಳೆಯದಲ್ಲ.

ಮಾತು 2: "ಮೈಲೇಜ್ ಹೆಚ್ಚುತ್ತದೆ"

ಸುಳ್ಳು. ನಿಧಾನವಾಗಿ ಓಡಿಸುವಾಗ ಹೊರಹೋಗುವ ಅನಿಲವೇ ಕಡಿಮೆ, ಆಗ ಸೈಲೆನ್ಸರಿನ ಅಡ್ಡಿಯೂ ಅಷ್ಟಕ್ಕಷ್ಟೇ. ಉಳಿಸಲು ಅಲ್ಲಿ ಏನೂ ಇಲ್ಲ. ಬದಲಿಗೆ, ಸದ್ದು ಕೇಳುವ ಆಸೆಗೆ ಆಕ್ಸಿಲರೇಟರ್ ಮೇಲೆ ಕಾಲು ಹೆಚ್ಚು ಒತ್ತುತ್ತದೆ. ಪೆಟ್ರೋಲ್ ಬಿಲ್ ಏರುವುದೇ ಹೆಚ್ಚು.

ಮಾತು 3: "ಬಟನ್ ಒತ್ತಿ ಸದ್ದು ಕಡಿಮೆ ಮಾಡಿದರೆ ಕಾನೂನಿಗೆ ಸರಿ"

ಸುಳ್ಳು. ಅತಿ ಹೆಚ್ಚು ಜನ ನಂಬುವ, ಅತಿ ಹೆಚ್ಚು ತೊಂದರೆಗೆ ಸಿಕ್ಕಿಸುವ ಮಾತು ಇದೇ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಅದಕ್ಕೊಂದು ಹಿನ್ನೆಲೆ ಇದೆ. ಯುರೋಪಿನಲ್ಲಿ ಹಿಂದೆ ಕಾರಿನ ಸದ್ದಿನ ಪರೀಕ್ಷೆ ಸುಮಾರು 50 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ವಾಲ್ವ್ ಮುಚ್ಚಿದ್ದರೆ ಕಾರು ಪಾಸಾಗುತ್ತಿತ್ತು. ಪರೀಕ್ಷೆಯ ವೇಗ ದಾಟಿದ ಮೇಲೆ ಅದು ಎಷ್ಟು ಗರ್ಜಿಸಿದರೂ ಕೇಳುವವರು ಕಡಿಮೆ. "ಮುಚ್ಚಿದ್ದರೆ ಸಾಕು" ಎಂಬ ಮಾತಿಗೆ ಜೀವ ಬಂದದ್ದು ಆ ಕಾಲದಲ್ಲಿ.

ಆ ಸಂದಿಯನ್ನು ಈಗ ಮುಚ್ಚಲಾಗಿದೆ. ಯುರೋಪಿಯನ್ ಒಕ್ಕೂಟದ 540/2014 ಸಂಖ್ಯೆಯ ನಿಯಮ ಮತ್ತು ವಿಶ್ವಸಂಸ್ಥೆಯ ವಾಹನ ನಿಯಮ 51ರ ಹೊಸ ಆವೃತ್ತಿ ಒಂದೇ ಮಾತು ಹೇಳುತ್ತವೆ: ಚಾಲಕ ಬದಲಿಸಬಹುದಾದ ಹಲವು ಮೋಡ್‌ಗಳಿರುವ ಎಕ್ಸಾಸ್ಟ್ ಎಲ್ಲ ಮೋಡ್‌ಗಳಲ್ಲೂ ಮಿತಿಯೊಳಗೆ ಇರಬೇಕು, ದಾಖಲಿಸಬೇಕಾದದ್ದು ಅತಿ ಜೋರಾದ ಮೋಡಿನ ಸದ್ದನ್ನು. ಪರೀಕ್ಷೆಯ ವೇಗದಿಂದ ಆಚೆಗೂ ಸದ್ದು ಮಿತಿಮೀರಿ ಏರಬಾರದು ಎಂಬ ಷರತ್ತೂ ಸೇರಿದೆ. ಸಾಮಾನ್ಯ ಕಾರುಗಳಿಗೆ 2016ರಲ್ಲಿ 72 ಡೆಸಿಬೆಲ್ ಇದ್ದ ಮಿತಿಯನ್ನು ಮೂರು ಹಂತಗಳಲ್ಲಿ 68ಕ್ಕೆ ಇಳಿಸಲು ನಿಗದಿಯಾಗಿದೆ. ತೂಕಕ್ಕೆ ಹೋಲಿಸಿದರೆ ಪವರ್ ಬಹಳ ಹೆಚ್ಚಿರುವ, ತಗ್ಗಿನ ಸೀಟಿನ ಸ್ಪೋರ್ಟ್ಸ್ ಕಾರುಗಳಿಗೆ ಸ್ವಲ್ಪ ಸಡಿಲಿಕೆ ಇದೆ. ಅವುಗಳಿಗೆ 75ರಿಂದ 72ಕ್ಕೆ.

ಪೋರ್ಷೆಯ ತವರು ಜರ್ಮನಿಯಲ್ಲಿ ಏನಾಗುತ್ತದೆ ನೋಡಿ. ಕಾರಿನ ನೋಂದಣಿ ಪತ್ರದಲ್ಲೇ ಅದರ ಸದ್ದಿನ ಅಂಕಿ ಅಚ್ಚಾಗಿರುತ್ತದೆ. ನಿಂತಾಗ ಎಷ್ಟು, ಯಾವ ಸುತ್ತಿನಲ್ಲಿ ಅಳೆದದ್ದು, ಓಡುವಾಗ ಎಷ್ಟು ಎಂದು ಮೂರು ಸಾಲು. ಪೊಲೀಸರು ಹೊಗೆ ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು ಅಳೆದು, ಆ ಪತ್ರದ ಅಂಕಿಗೆ ಹೋಲಿಸಬಹುದು. ಮಾರ್ಪಾಡಿನಿಂದ ಸದ್ದು ಅಥವಾ ಹೊಗೆ ಹದಗೆಟ್ಟರೆ ಅಲ್ಲಿನ ನಿಯಮದ 19ನೇ ಕಲಮಿನಂತೆ ಕಾರಿಗೆ ರಸ್ತೆಯಲ್ಲಿ ಓಡಲು ಇರುವ ಅನುಮತಿಯೇ ರದ್ದಾಗುತ್ತದೆ. ಹ್ಯಾಂಬರ್ಗ್ ಪೊಲೀಸರು 2017ರಲ್ಲಿ ಇಂತಹ ಗದ್ದಲದ ಕಾರುಗಳಿಗಾಗಿಯೇ ಪ್ರತ್ಯೇಕ ತಂಡ ಕಟ್ಟಿದರು. ಪ್ಯಾರಿಸ್ಸಿನಲ್ಲಿ 2022ರಿಂದ ಸದ್ದನ್ನು ಪತ್ತೆಹಚ್ಚುವ ರೇಡಾರ್‌ಗಳ ಪ್ರಯೋಗ ನಡೆದಿದೆ.

ಮಾತು 4: "ಕಂಪನಿಯವರೇ ಕೊಡುತ್ತಾರೆ, ಹಾಗಾಗಿ ತಪ್ಪಿಲ್ಲ"

ಇದರಲ್ಲಿ ಮೊದಲ ಅರ್ಧ ನಿಜ, ಎರಡನೆಯ ಅರ್ಧ ತಪ್ಪು.

ಕಾರ್ಖಾನೆಯಿಂದಲೇ ಸ್ಪೋರ್ಟ್ಸ್ ಎಕ್ಸಾಸ್ಟ್ ಸಮೇತ ಬಂದ ಕಾರು ಆ ಎಕ್ಸಾಸ್ಟಿನೊಡನೆಯೇ ಪರೀಕ್ಷೆ ಪಾಸಾಗಿರುತ್ತದೆ. ಪೋರ್ಷೆ ತನ್ನ ಕಾರುಗಳಿಗೆ ಆಮೇಲೆ ಜೋಡಿಸುವ ಸ್ಪೋರ್ಟ್ಸ್ ಎಕ್ಸಾಸ್ಟನ್ನೂ ಟೆಕ್ವಿಪ್‌ಮೆಂಟ್ ಎಂಬ ತನ್ನದೇ ವಿಭಾಗದ ಮೂಲಕ ಮಾರುತ್ತದೆ. ಯುರೋಪಿನಲ್ಲಿ ಬೇರೆ ತಯಾರಕರ ಸೈಲೆನ್ಸರುಗಳಿಗೂ ವಿಶ್ವಸಂಸ್ಥೆಯ ನಿಯಮ 59ರ ಅಡಿ ಪರೀಕ್ಷೆ ಇದೆ. ಪಾಸಾದ ಭಾಗದ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ ಮತ್ತು ಒಂದು ಸಂಖ್ಯೆ ಕೊರೆದಿರುತ್ತದೆ. ಆ ಸಂಖ್ಯೆ ಅನುಮೋದನೆ ಕೊಟ್ಟ ದೇಶವನ್ನು ಹೇಳುತ್ತದೆ: 1 ಎಂದರೆ ಜರ್ಮನಿ, 2 ಎಂದರೆ ಫ್ರಾನ್ಸ್, 4 ಎಂದರೆ ನೆದರ್ಲೆಂಡ್ಸ್.

ಆದರೆ ಆ ಗುರುತು ಒಂದು ನಿರ್ದಿಷ್ಟ ಮಾದರಿಯ ಕಾರಿಗೆ ಕೊಟ್ಟದ್ದು. ಒಂದು ಮಾದರಿಗೆ ಒಪ್ಪಿಗೆ ಪಡೆದ ಸೈಲೆನ್ಸರನ್ನು ಬೋಲ್ಟ್ ಕೂರುತ್ತದೆ ಎಂದು ಇನ್ನೊಂದಕ್ಕೆ ಹಾಕಿದರೆ ಆ ಗುರುತಿಗೆ ಬೆಲೆ ಇಲ್ಲ. ಯುರೋಪಿನ ಗುರುತು ಇದೆ ಎಂದ ಮಾತ್ರಕ್ಕೆ ಭಾರತದಲ್ಲಿ ತನ್ನಷ್ಟಕ್ಕೆ ಅನುಮತಿ ಸಿಕ್ಕಂತೆಯೂ ಅಲ್ಲ.

ಭಾರತದ ಕಾನೂನು ಏನು ಹೇಳುತ್ತದೆ?

• ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ.

• ಸೆಕ್ಷನ್ 182ಎ, ಉಪವಿಭಾಗ 4: ಅನುಮತಿ ಇಲ್ಲದ ಭಾಗಗಳನ್ನು ಜೋಡಿಸಿ ವಾಹನ ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ.

• ಸೆಕ್ಷನ್ 190, ಉಪವಿಭಾಗ 2: ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೊದಲ ಬಾರಿಗೆ 3 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಹೊಂದಲು ಅನರ್ಹತೆ. ಈ ಸೆಕ್ಷನ್ ವಾಹನ ಓಡಿಸಿದವರಿಗೂ ಅನ್ವಯಿಸುತ್ತದೆ, ಓಡಿಸಲು ಕೊಟ್ಟವರಿಗೂ ಅನ್ವಯಿಸುತ್ತದೆ.

• ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ: ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಕಡ್ಡಾಯ. ಪ್ರಯಾಣಿಕ ಕಾರುಗಳಿಗೆ ತಯಾರಿಕೆಯ ಹಂತದ ಮಿತಿ 74 ಡೆಸಿಬೆಲ್.

ಈ ಪಟ್ಟಿಯಲ್ಲಿ ಎಲ್ಲಿಯೂ "ವಾಲ್ವ್ ಮುಚ್ಚಿದ್ದರೆ ಬಿಡಿ" ಎಂಬ ಸಾಲಿಲ್ಲ. ಕಾರು ಸದ್ದಿಲ್ಲದೆ ನಿಂತಿದ್ದರೂ ಕೆಳಗೆ ಬಗ್ಗಿ ನೋಡಿದರೆ ಬೇರೆ ಸೈಲೆನ್ಸರ್ ಕಾಣುತ್ತದೆ. ಮಾರ್ಪಾಡಿನ ಪ್ರಶ್ನೆ ಅಲ್ಲೇ ಏಳುತ್ತದೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಬೈಕ್ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕಾರಿಗೆ ಬೇರೆ ಕಾಯ್ದೆ ಇಲ್ಲ.

"ಪಟಪಟ" ಸಿಡಿತದ ಹಿಂದಿನ ಅಪಾಯ

ವಿಡಿಯೊಗಳಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಪಟಾಕಿಯಂತೆ ಸಿಡಿಯುವ ಸದ್ದು ಕೇಳುತ್ತದೆ. ಕಾರ್ಖಾನೆಯ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಮಿತಿಯೊಳಗೆ ಇರುತ್ತದೆ. ಹೊರಗಿನ ಟ್ಯೂನಿಂಗ್ ಅಂಗಡಿಗಳಲ್ಲಿ ಇದನ್ನು ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಂ ತುಂಬುತ್ತಾರೆ. ಆಗ ಕಿಡಿ ತಡವಾಗಿ ಹಾರುತ್ತದೆ, ಇಂಧನ ಸಿಲಿಂಡರಿನಲ್ಲಿ ಪೂರ್ತಿ ಉರಿಯದೆ ಎಕ್ಸಾಸ್ಟಿನ ಒಳಗೆ ಹೊತ್ತಿಕೊಳ್ಳುತ್ತದೆ.

ಆ ದಾರಿಯಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್ ಕುಳಿತಿದೆ. ಜೇನುಗೂಡಿನಂತಹ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿರುವ ಈ ಭಾಗ ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಬದಲಿಸುತ್ತದೆ. ಅದರೊಳಗೇ ಇಂಧನ ಉರಿದರೆ ಬಿಸಿ ಮಿತಿಮೀರಿ ಜೇನುಗೂಡು ಬಿರುಕು ಬಿಡಬಹುದು, ಕರಗಲೂಬಹುದು. ಕರಗಿದರೆ ಹೊಗೆಯ ದಾರಿಯೇ ಕಟ್ಟಿಕೊಂಡು, ಹೆಚ್ಚಿಸಲು ಹೊರಟ ಪವರ್ ಇಳಿಯುತ್ತದೆ. ಹೊಸ ಕನ್ವರ್ಟರಿನ ಬೆಲೆ ಸಣ್ಣದಲ್ಲ.

ಇನ್ನೂ ಕೆಲವರು "ಕ್ಯಾಟ್ ತೆಗೆದುಬಿಡಿ, ಸದ್ದು ಇನ್ನೂ ಚೆನ್ನಾಗಿ ಬರುತ್ತೆ" ಎನ್ನುತ್ತಾರೆ. ಇದನ್ನು ಖಂಡಿತ ಒಪ್ಪಬೇಡಿ. ಸೈಲೆನ್ಸರ್ ಬದಲಿಸಿದರೆ ಸದ್ದಿನ ಪ್ರಶ್ನೆ, ಕ್ಯಾಟ್ ತೆಗೆದರೆ ವಿಷದ ಪ್ರಶ್ನೆ. ಕನ್ವರ್ಟರಿನ ಹಿಂದಿರುವ ಸೆನ್ಸರ್ ಅದರ ಕೆಲಸವನ್ನು ಗಮನಿಸುತ್ತಿರುತ್ತದೆ. ತೆಗೆದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆ ದೀಪ ಆರಿಸಲು ಸೆನ್ಸರಿಗೆ ಮೋಸ ಮಾಡುವ ಉಪಾಯ ಹೇಳುವವರೂ ಇದ್ದಾರೆ. ದೀಪ ಆರುತ್ತದೆ, ವಿಷದ ಹೊಗೆ ನಿಲ್ಲುವುದಿಲ್ಲ.

ಎಷ್ಟು ಸದ್ದು ಎಂದರೆ ಹೆಚ್ಚು?

ಡೆಸಿಬೆಲ್ ಲೆಕ್ಕ ನಾವು ತಿಳಿದಂತೆ ಸಾಮಾನ್ಯ ಕೂಡುವ ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ. 10 ಏರಿದರೆ ಶಕ್ತಿ ಹತ್ತರಷ್ಟು, ಕಿವಿಗೆ ಸುಮಾರು ಎರಡರಷ್ಟು ಜೋರು. "ಬರೀ 10 ಡೆಸಿಬೆಲ್ ಜಾಸ್ತಿ ಅಷ್ಟೇ" ಎನ್ನುವುದು ಸಣ್ಣ ಮಾತಲ್ಲ.

ಒಂದು ಲೆಕ್ಕ ಮಾಡೋಣ. ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ ಸದ್ದು 95 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 8 ಮೀಟರ್ ದೂರದ ಕಿಟಕಿಗೆ ಬರುವ ಹೊತ್ತಿಗೆ ಅದು 71. ಎರಡೂ ಬದಿ ಗೋಡೆಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ಸದ್ದು ಪುಟಿದು ಇನ್ನೂ ಹೆಚ್ಚಿರುತ್ತದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ 40. ಈ ಮಿತಿ ಸರಾಸರಿಯ ಲೆಕ್ಕ, ಒಂದು ಕ್ಷಣದ್ದಲ್ಲ ಎಂಬುದು ನಿಜ. ಆದರೆ ನಿದ್ದೆಯಲ್ಲಿರುವ ಮಗು, ಆಪರೇಷನ್ ಆಗಿ ಮಲಗಿರುವ ಅಜ್ಜಿ ಸರಾಸರಿಗೆ ಎಚ್ಚರವಾಗುವುದಿಲ್ಲ, ಆ ಒಂದು ಗರ್ಜನೆಗೆ ಎಚ್ಚರವಾಗುತ್ತಾರೆ. ರಾತ್ರಿ ನಿದ್ದೆ ಕೆಡದಿರಲು ರಸ್ತೆಯ ಸದ್ದು 45 ಡೆಸಿಬೆಲ್ ಒಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲೂ ಇದೆ.

ಓಡಿಸುವವರ ಕಿವಿಯ ಮಾತೂ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಒಮ್ಮೆ ಸತ್ತ ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಅಂದಹಾಗೆ, ಫೋನಿನ ಆ್ಯಪ್‌ನಲ್ಲಿ ಅಳೆದ ಅಂಕಿ ಅಂದಾಜಿಗೆ ಮಾತ್ರ. ಅದನ್ನು ತೋರಿಸಿ ಪೊಲೀಸರೊಡನೆ ವಾದ ಮಾಡಲು ಆಗದು.

ಹಾಕಿಸುವ ಯೋಚನೆ ಇದ್ದರೆ ಮೊದಲು ಇಷ್ಟು ಕೇಳಿ

1. ಬರಹದಲ್ಲಿ ಉತ್ತರ ಪಡೆಯಿರಿ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನಿಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಈ ಭಾಗ ಭಾರತದಲ್ಲಿ ಒಪ್ಪಿತವೇ ಎಂದು ಕೇಳಿ. ಆರ್‌ಟಿಒ ಕಚೇರಿಯಲ್ಲೂ ಕೇಳಿ. "ಎಲ್ಲರೂ ಹಾಕಿಸ್ತಾರೆ ಸಾರ್, ಏನಾಗಲ್ಲ" ಎಂಬುದು ಉತ್ತರವಲ್ಲ. ಬರಹದಲ್ಲಿ ಉತ್ತರ ಸಿಗದಿದ್ದರೆ ಅಲ್ಲಿಗೇ ಬಿಡುವುದು ಒಳ್ಳೆಯದು.

2. ವಾರಂಟಿ ಮತ್ತು ವಿಮೆ. ಹೊರಗಿನ ಭಾಗದಿಂದ ಹಾಳಾದದ್ದಕ್ಕೆ ವಾರಂಟಿ ಕೇಳಿದರೆ ಕಂಪನಿ ನಿರಾಕರಿಸಬಹುದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಕ್ಲೇಮ್ ಸಿಕ್ಕಿಹಾಕಿಕೊಳ್ಳಬಹುದು. ಕೋಟಿ ಬೆಲೆಯ ಕಾರಿಗೆ ಇದು ಸಣ್ಣ ಅಪಾಯವಲ್ಲ.

3. ಕೆಲಸ ಬರೀ ಬೋಲ್ಟ್ ಬಿಗಿಯುವುದಲ್ಲ. ಪೋರ್ಷೆಯಂತಹ ಕಾರಿನಲ್ಲಿ ಹಿಂದಿನ ಸೈಲೆನ್ಸರ್ ಜೊತೆಗೆ ವ್ಯಾಕ್ಯೂಮ್ ಪೈಪ್, ಅದನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್, ಒಳಗೊಂದು ಬಟನ್, ವೈರಿಂಗ್ ಮತ್ತು ಕೊನೆಗೆ ಕಂಪ್ಯೂಟರ್ ಕೋಡಿಂಗ್ ಬೇಕಾಗಬಹುದು. ವೈರ್ ಕತ್ತರಿಸಿ ಟೇಪ್ ಸುತ್ತುವವರ ಕೈಗೆ ಕಾರು ಕೊಡಬೇಡಿ.

4. ಸೋರಿಕೆ. ಜೋಡಣೆಯ ಗ್ಯಾಸ್ಕೆಟ್ ಮತ್ತು ಕ್ಲ್ಯಾಂಪ್ ಹೊಸದಿರಲಿ. ಸೋರಿದ ಹೊಗೆ ಕಾರಿನೊಳಗೆ ಬಂದರೆ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಓಡಿಸುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕಾರು ನಿಲ್ಲಿಸಿ ಹೊರಗಿನ ಗಾಳಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಸದ್ದು ಕೇಳಲೆಂದು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ.

5. ಬಿಸಿ. ಎಕ್ಸಾಸ್ಟ್ ಕೆಂಪಗೆ ಕಾಯುವ ಭಾಗ. ಕೊಳವೆ ಬಂಪರ್, ವೈರ್, ಬ್ರೇಕ್ ಪೈಪಿಗೆ ತಾಗುವಂತಿರಬಾರದು. ಶಾಖ ತಡೆಯುವ ತಗಡನ್ನು ಬಿಚ್ಚಿದ್ದರೆ ಮತ್ತೆ ಕೂರಿಸಿದ್ದಾರೆಯೇ ನೋಡಿ.

6. ಹಳೆಯದನ್ನು ಮಾರಬೇಡಿ. ಕಂಪನಿಯ ಸೈಲೆನ್ಸರ್ ಸುರಕ್ಷಿತವಾಗಿ ಎತ್ತಿಡಿ. ಮರಳಿ ಜೋಡಿಸಬೇಕಾಗಿ ಬಂದಾಗ ಹೊಸದಕ್ಕೆ ಲಕ್ಷಗಟ್ಟಲೆ ಸುರಿಯುವುದು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು

ಇಂತಹ ಕಾರು ಹಾಕಿಸಿದವರ ಕೈಯಲ್ಲೇ ಉಳಿಯುವುದಿಲ್ಲ. ಮಾರಾಟವಾದ ಮೇಲೆ ರಸ್ತೆಯಲ್ಲಿ ಪೊಲೀಸರ ಮುಂದೆ ನಿಲ್ಲುವುದು ಹೊಸ ಮಾಲೀಕರು. ಹಾಗಾಗಿ ಕೊಳ್ಳುವ ಮೊದಲು ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿ. ಸೈಲೆನ್ಸರಿನ ಮೇಲಿನ ಭಾಗದ ಸಂಖ್ಯೆಯನ್ನು ಕಂಪನಿಯಲ್ಲಿ ಹೋಲಿಸಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡೂ ಮೋಡ್‌ಗಳಲ್ಲಿ ಕೇಳಿ. ಬಟನ್ ಒತ್ತಿದಾಗ ಸದ್ದು ಬದಲಾಗದಿದ್ದರೆ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಿರಬಹುದು, ಇಲ್ಲವೇ ವ್ಯಾಕ್ಯೂಮ್ ಪೈಪ್ ಕಳಚಿರಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೇ, ಹಳೆಯ ಸೈಲೆನ್ಸರ್ ಜೊತೆಗೆ ಕೊಡುತ್ತಾರೆಯೇ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ.

ಕೊನೆಯದಾಗಿ

ಒಳ್ಳೆಯ ಎಂಜಿನ್ನಿನ ಸ್ವರವನ್ನು ಇಷ್ಟಪಡುವುದು ತಪ್ಪಲ್ಲ. ನಮಗೂ ಆ ಸದ್ದು ಕೇಳಿದರೆ ತಲೆ ತಿರುಗಿ ನೋಡಬೇಕು ಅನ್ನಿಸುತ್ತದೆ. ಅದನ್ನು ಮನಸಾರೆ ಕೇಳಲು ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ಆದರೆ ಪವರ್, ಮೈಲೇಜ್, "ಬಟನ್ ಒತ್ತಿದರೆ ಕಾನೂನಿಗೆ ಸರಿ" ಎಂಬ ಹೆಸರಿನಲ್ಲಿ ಯಾರಾದರೂ ಅದನ್ನು ಮಾರಲು ಬಂದರೆ ಅವರು ಹೇಳುತ್ತಿರುವುದು ಪೂರ್ತಿ ನಿಜವಲ್ಲ.

ಮುಂದಿನ ಬಾರಿ ಅಂತಹ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಒಂದು ವಿಷಯ ನೆನಪಿಸಿಕೊಳ್ಳಿ: ಸ್ವಿಚ್ ಇರುವುದು ಕಾರಿನೊಳಗೆ ಕೂತವರ ಕೈಯಲ್ಲಿ ಮಾತ್ರ. ಪಕ್ಕದ ಮನೆಯಲ್ಲಿ ಮಲಗಿರುವವರ ಕಿವಿಗೆ ಅಂತಹ ಸ್ವಿಚ್ ಇಲ್ಲ.